ಸ್ಟೀರಿಂಗ್ ಮೇಲಿನ ಒಂದು ಬೆರಳು

ಆಗಸ್ಟ್ 4, ಸೋಮವಾರ. ಮಧ್ಯಾಹ್ನ 3.40

ಬೆಳಗಿನ ಶಿಫ್ಟ್ ಮುಗಿಯಿತು. ಏಳನೇ ರೂಮಿನ ಅಜ್ಜ ಇವತ್ತೂ ಹಲ್ಲಿನ ಸೆಟ್ಟನ್ನು ಸೂಪಿನ ಬಟ್ಟಲಲ್ಲಿ ಮುಳುಗಿಸಿದ್ದ. ಹುಡುಕಿ, ತೊಳೆದು, ಬಾಯಿಗಿಟ್ಟೆ. “ನೀನಿಲ್ದಿದ್ರೆ ನಾನು ಬರೀ ಜೆಲ್ಲಿ ತಿನ್ಕೊಂಡು ಸಾಯ್ಬೇಕಿತ್ತು” ಅಂದ.

ಮನೆಗೆ ಬರುವಾಗ ಎದುರಿಗೆ ಹನ್ನೊಂದು ಗಾಡಿ. ಒಂಬತ್ತು ಬೆರಳು. ಎಣಿಸುವುದು ಚಟವಾಗಿಬಿಟ್ಟಿದೆ.

ಇದೇ ಹದಿನೇಳಕ್ಕೆ ಬಿನ್ಸಿ ಬರುತ್ತಾಳೆ. ಕೋಟ್ಟಯಂ ನರ್ಸಿಂಗ್ ಕಾಲೇಜಿನಲ್ಲಿ ನನಗಿಂತ ಎರಡು ವರ್ಷ ಜೂನಿಯರ್, ಆಗಿನಿಂದಲೂ ನಾನು ಅವಳಿಗೆ ಚೇಚಿ, ಅಕ್ಕ. ಫೋನಿನಲ್ಲಿ ಅತ್ತಿದ್ದಳು. “ಚೇಚೀ, ಹೋಗೋಕೆ ಒಂದೂಕಾಲು ಗಂಟೆ, ಬರೋಕೆ ಒಂದೂಕಾಲು ಗಂಟೆ. ಜಿಸ್‌ನ ನೈಟ್ ಶಿಫ್ಟ್ ಬೇರೆ. ಗಂಡ ಹೆಂಡ್ತಿ ಫ್ರಿಜ್ ಮೇಲೆ ಚೀಟಿ ಅಂಟಿಸಿ ಮಾತಾಡ್ತೀವಿ. ಮೆಲ್ಬರ್ನ್ ಸಾಕು. ನಿಮ್ಮೂರಲ್ಲಿ ಏನಾದ್ರೂ ಇದ್ರೆ ನೋಡಿ.” ಆಸ್ಪತ್ರೆಯ ಮ್ಯಾನೇಜರ್ ಟ್ರಿಶ್ ಹತ್ತಿರ ನಾನೇ ಮಾತಾಡಿದೆ. ಜನವರಿವರೆಗೆ ಹಂಗಾಮಿ ಕೆಲಸ. ಆಮೇಲೆ ನೋಡೋಣ ಅಂದಿದ್ದಾರೆ.

ಅವಳಿಗೆ ಕಲಿಸಬೇಕಾದ್ದನ್ನು ಪಟ್ಟಿ ಮಾಡಿದೆ. ಮುಖ್ಯ ಎರಡು.

ಒಂದು: ಎದುರು ಬರುವವರಿಗೆ ಸ್ಟೀರಿಂಗ್ ಬಿಡದೆ ಒಂದು ಬೆರಳು ಎತ್ತಬೇಕು. ನಮ್ಮ ಈ ಪುಟ್ಟ ಊರು ಕೂರಿಂಗಾದಲ್ಲಿ ಅಷ್ಟೇ ನಮಸ್ಕಾರ. ಅವರು ಎತ್ತದಿದ್ದರೂ ಬೇಜಾರು ಮಾಡಿಕೊಳ್ಳಬಾರದು, ಕಾಯಬೇಕು. ನನಗೆ ಮೊದಲ ಬೆರಳು ಸಿಕ್ಕಿದ್ದು ಬಂದ ಹದಿನಾಲ್ಕನೇ ತಿಂಗಳಿಗೆ. ಬೆರಿಲ್ ಎತ್ತಿದ್ದು. ಎಂಬತ್ತೊಂದು ವಯಸ್ಸಿನ, ಊರಿಗೇ ಯಜಮಾನಿಯಂತಿರುವ ಬೆರಿಲ್!

ಎರಡು: ರಸ್ತೆ ಪಕ್ಕ ಗಾಡಿ ನಿಂತಿದ್ದರೆ ದಾಟಿ ಹೋಗಬಾರದು. ನಿಲ್ಲಿಸಿ ಕೇಳಬೇಕು. ಆವತ್ತು ಬೆರಿಲ್ ಬೆರಳೆತ್ತಿದ ಖುಷಿಗೆ ಗಾಡಿ ನಿಲ್ಲಿಸಿ ಗಂಡ ಸಜುಗೆ ಫೋನ್ ಮಾಡುತ್ತಿದ್ದೆ. ಐದು ನಿಮಿಷದಲ್ಲಿ ಮೂರು ಗಾಡಿ ನಿಂತವು. “ಏನಾಯ್ತಮ್ಮ, ಸರಿ ಇದ್ದೀಯಾ?” ಸಂತೋಷಕ್ಕೆ ಅಳ್ತಿದೀನಿ ಅಂತ ಹೇಗೆ ಹೇಳುವುದು… ಟಯರ್ ಅಂದೆ. ಮೂವರೂ ಇಳಿದು ನಾಲ್ಕೂ ಚಕ್ರ ಒದ್ದು ನೋಡಿದರು.

ಆಗಸ್ಟ್ 17, ಭಾನುವಾರ

ಬಂದರು. ಬಿನ್ಸಿ, ಜಿಸ್, ಒಂದು ಕಾರು ತುಂಬ ಪಾತ್ರೆ. ಕೊಡಂಪುಳಿಯ ಹುಳಿ ಹಾಕಿ ಮೀನು ಮಾಡಿದ್ದೆ. ನನ್ನ ಗಂಡನ ಮುಖ ನೋಡಬೇಕಿತ್ತು, ಇಸ್ಪೀಟಿಗೆ ಜೊತೆ ಸಿಕ್ಕಿತಲ್ಲ. ಈ ಊರಲ್ಲಿ ಸಜುಗೆ ಮೂರು ವರ್ಷದಿಂದ ಇದ್ದದ್ದು ಅದೊಂದೇ ಗೊಣಗು.

ಬಿನ್ಸಿಗೆ ಊರು ತೋರಿಸಿದೆ. ತೋರಿಸಲು ಇರುವುದು ಎಷ್ಟು? ಒಂದು ಬೀದಿ, ಗೋಧಿ ತುಂಬುವ ಸೈಲೊ, ಆಸ್ಪತ್ರೆ, ಬೇಕರಿ, ಎರಡು ಚರ್ಚು, ಆಟದ ಮೈದಾನ. ಆದರೂ ನನ್ನ ಮನೆ ತೋರಿಸುವ ಹಾಗೆ ತೋರಿಸಿದೆ. ಮೆಲ್ಬರ್ನಿನ ನಮ್ಮವರೆಲ್ಲ “ಕಾಡಿಗೆ ಹೋಗ್ತಿದ್ದೀರಾ?” ಅಂತ ನಕ್ಕಿದ್ದರು. ಇವಳೊಬ್ಬಳು ಈಗ ನನ್ನ ಹಿಂದೆ ಬಂದಿದ್ದಾಳೆ. ಎದೆ ಉಬ್ಬಿತು, ಸುಳ್ಳು ಯಾಕೆ ಹೇಳಲಿ.

ಆಗಸ್ಟ್ 31, ಭಾನುವಾರ

ಬಿನ್ಸಿ ಕಾರಿನಲ್ಲಿ ನಾನು. ಎದುರಿಗೆ ಬೆರಿಲ್‌ಳ ಹಳೆ ಪಿಕಪ್.

ಬೆರಿಲ್ ಬೆರಳೆತ್ತಲಿಲ್ಲ. ಇಡೀ ಕೈ ಎತ್ತಿ ಬೀಸಿದಳು. ಹಲ್ಲು ಬಿಟ್ಟು ನಕ್ಕಳು ಬೇರೆ. “ಹಾಯ್ ಬಿನ್ಸ್!” ಅಂದದ್ದು ಮುಚ್ಚಿದ ಗಾಜಿನಾಚೆಗೂ ಕಾಣಿಸಿತು.

ನನಗೆ ಹದಿನಾಲ್ಕು ತಿಂಗಳು. ಅವಳಿಗೆ ಹದಿನಾಲ್ಕು ದಿನ.

“ಎಷ್ಟು ಒಳ್ಳೆ ಜನ ಅಲ್ವಾ ಚೇಚಿ?”

ಹೌದು ಅಂದೆ. ಬಹಳ ಒಳ್ಳೆ ಜನ.

ಸೆಪ್ಟೆಂಬರ್ 13, ಶನಿವಾರ. ಸಂಜೆ

ಫುಟ್‌ಬಾಲ್ ಫೈನಲ್. ಊರಿಗೆ ಊರೇ ಮೈದಾನದಲ್ಲಿ. ಕ್ಯಾಂಟೀನಿನಲ್ಲಿ ನಾನು ಎಂದಿನಂತೆ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತ ನಿಂತಿದ್ದೆ. ಮೂರು ವರ್ಷದಿಂದ ಅದೇ ಕೆಲಸ. ಬಿನ್ಸಿ ಬಂದಳು. ಕೈಯಲ್ಲಿ ದೊಡ್ಡ ಡಬ್ಬಿ. ಪರಿಪ್ಪುವಡೆ, ನಮ್ಮ ಕಡೆಯ ಬೇಳೆವಡೆ!

“ಲೇ, ಇವರಿಗೆ ಖಾರ ಆಗಲ್ಲ ಕಣೇ. ತಿನ್ನಲ್ಲ.”

“ತಿನ್ಲಿಲ್ಲ ಅಂದ್ರೆ ನಾವೇ ತಿನ್ನೋಣ ಚೇಚಿ.”

ಹಾಫ್ ಟೈಮಿಗೆ ಮುಂಚೆ ಡಬ್ಬಿ ಖಾಲಿ. ಸಾಲು ಗೇಟಿನವರೆಗೆ. ರೈತರು, ದಪ್ಪ ಬೂಟಿನವರು, ಮೂಗು ಸೋರಿಸಿಕೊಂಡು “ಇನ್ನೊಂದು ಕೊಡು” ಅಂತ ನಿಂತಿದ್ದಾರೆ. ನನ್ನ ಸ್ಯಾಂಡ್‌ವಿಚ್ ಒಣಗಿ ಮೂಲೆ ಮೇಲೆದ್ದಿತ್ತು.

ಬೆರಿಲ್ ಬಾಯಿ ಒರೆಸಿಕೊಳ್ಳುತ್ತ ಕೇಳಿದಳು: “ನಿಂಗೂ ಇದು ಮಾಡೋಕೆ ಬರುತ್ತಾ ಲಿಜಿ?”

“ಬರುತ್ತೆ.”

“ಮತ್ತೆ ಮೂರು ವರ್ಷ ನಮ್ಗೆ ಬರೀ ಬ್ರೆಡ್ಡು ತಿನ್ಸಿದ್ಯಲ್ಲೇ!”

ಎಲ್ಲರೂ ನಕ್ಕರು. ನಾನೂ ನಕ್ಕೆ. ಒಣಗಿದ ಸ್ಯಾಂಡ್‌ವಿಚ್‌ಗಳನ್ನು ಕಸದ ಬುಟ್ಟಿಗೆ ಸುರಿದೆ.

ಇವರಿಗೆ ಹಿಡಿಸಲಿ ಅಂತ ಅಡುಗೆಮನೆ ಕಿಟಕಿ ಮುಚ್ಚಿ ಒಗ್ಗರಣೆ ಹಾಕಿದವಳು ನಾನು. ಕೋಟಿನಲ್ಲಿ ಮಸಾಲೆ ವಾಸನೆ ಇದೆಯಾ ಅಂತ ದಿನಾ ಮೂಸಿ ಹೊರಟವಳು. ನನ್ನದೆಲ್ಲ ಒಳಗಿಟ್ಟು, ಅವರದನ್ನೆಲ್ಲ ಕಲಿತು, ಇಷ್ಟೇ ಇಷ್ಟು ಜಾಗ ಮಾಡಿಕೊಂಡೆ. ಇವಳು ಡಬ್ಬಿ ಸಮೇತ ಬಂದಳು. ಕೂತಳು. ಮುಗಿಯಿತು.

ಅಕ್ಟೋಬರ್ 8, ಬುಧವಾರ

ಶನಿವಾರ ಊರಿನ ಕೃಷಿ ಪ್ರದರ್ಶನ. ಕುರಿ, ದನ, ಉಲ್ಲನ್, ಜಾಮು, ಕೇಕು… ಎಲ್ಲಕ್ಕೂ ಬಹುಮಾನ. ಒಣಹಣ್ಣಿನ ಕೇಕಿನಲ್ಲಿ ನನಗೆ ಎರಡು ವರ್ಷವೂ ಎರಡನೇ ಸ್ಥಾನ. ಈ ಸಲ ಬಿಡುವುದಿಲ್ಲ.

ಬಿನ್ಸಿ ಫೋನ್: “ಚೇಚಿ, ನಾನೂ ಕ್ರಿಸ್ಮಸ್ ಕೇಕ್ ಥರ ಒಂದು ಇಡ್ಲಾ? ನಮ್ಮ ಅಜ್ಜಿದು, ರಮ್ಮಲ್ಲಿ ನೆನೆಸಿದ್ದು. ಏನಾದ್ರೂ ನಿಯಮ ಇದ್ಯಾ?”

ನಿಯಮದ ಪುಸ್ತಕ ನನ್ನ ಮೊಣಕೈ ಕೆಳಗೇ ಇತ್ತು. ಹದಿನೆಂಟನೇ ಪುಟ. ಮೇಲೆ ಯಾವ ಅಲಂಕಾರವೂ ಇರಕೂಡದು. ಅಡಿಯಲ್ಲಿ ಆರಿಸುವ ಜಾಲರಿಯ ಗೆರೆ ಕಾಣಕೂಡದು. ಬಿಳಿ ಕಾಗದದ ತಟ್ಟೆಯಲ್ಲೇ ಇಡಬೇಕು. ಒಂದು ತಪ್ಪಿದರೂ ತೀರ್ಪುಗಾರರು ರುಚಿ ಕೂಡ ನೋಡುವುದಿಲ್ಲ.

“ಏನಿಲ್ಲಮ್ಮ. ಚೆನ್ನಾಗಿ ಮಾಡು, ಅಷ್ಟೇ.”

“ಮೇಲೆ ಗೋಡಂಬಿ ಜೋಡಿಸ್ತೀನಿ. ಚೆಂದ ಕಾಣುತ್ತೆ ಅಲ್ವಾ?”

“ತುಂಬ ಚೆಂದ.”

ಅಕ್ಟೋಬರ್ 11, ಶನಿವಾರ. ಸಂಜೆ 5

ಫಸ್ಟ್! ನೀಲಿ ರಿಬ್ಬನ್ ನನ್ನ ಕೇಕಿಗೆ.

ಬಿನ್ಸಿಯದು ಹೂಚಿತ್ರದ ಗಾಜಿನ ತಟ್ಟೆಯ ಮೇಲೆ, ಗೋಡಂಬಿಯ ನಕ್ಷತ್ರ ಹೊತ್ತು ಕೂತಿತ್ತು. ಪಕ್ಕದಲ್ಲಿ ಚೀಟಿ: ‘ನಿಯಮಾನುಸಾರ ಇಲ್ಲ’. ಮುಖ ಬಾಡುತ್ತದೆ ಅಂದುಕೊಂಡಿದ್ದೆ. ಕಾಯುತ್ತಿದ್ದೆ ಅಂತಲೇ ಬರೆಯಬೇಕು. ಅವಳು ಚೀಟಿಯನ್ನು ಕೆನ್ನೆಗೆ ಒತ್ತಿಕೊಂಡು ಫೋಟೋ ತೆಗೆಸಿಕೊಂಡಳು! ಆಮೇಲೆ ನನ್ನ ರಿಬ್ಬನ್ ನೋಡಿ “ಚೇಚಿಗೆ ಫಸ್ಟು!” ಅಂತ ಕಿರುಚಿ ತಬ್ಬಿಕೊಂಡಳು. ಅವಳ ಕಣ್ಣಲ್ಲಿ ನೀರಿತ್ತು. ನನಗಾಗಿ.

ಬಹುಮಾನದ ಕೇಕು ಸಂಜೆವರೆಗೆ ಗಾಜಿನ ಕಪಾಟಿನಲ್ಲೇ ಇರಬೇಕು. ತಿರಸ್ಕಾರವಾದದ್ದನ್ನು ಒಯ್ಯಬಹುದು. ಬಿನ್ಸಿ ತನ್ನದನ್ನು ಕಾರಿನ ಡಿಕ್ಕಿ ಮೇಲಿಟ್ಟು ಕತ್ತರಿಸಿದಳು. ಕುರಿ ಕೊಟ್ಟಿಗೆಯಿಂದ ಜನ ಬಂದರು, ದನದ ಕಡೆಯಿಂದ ಬಂದರು. ಬೆರಿಲ್ ಮೂರು ತುಂಡು ತಿಂದು “ನಿಯಮಕ್ಕೆ ಬೆಂಕಿ ಹಾಕ!” ಅಂದಳು. ನಿಯಮ ಬರೆದದ್ದೇ ಬೆರಿಲ್.

ನನ್ನದು ಒಳಗೆ. ರಿಬ್ಬನ್ ಹಾಕಿಕೊಂಡು. ಯಾರೂ ತಿನ್ನಲಿಲ್ಲ.

ನವೆಂಬರ್ 5, ಬುಧವಾರ. ಮಧ್ಯಾಹ್ನ 2

ಟ್ರಿಶ್ ರೂಮಿಗೆ ಕರೆದು ಬಾಗಿಲು ಹಾಕಿಕೊಂಡರು.

“ಲಿಜಿ, ನಮ್ಮಿಬ್ರಲ್ಲೇ ಇರ್ಲಿ. ಈ ವರ್ಷ ವೀಸಾಗೆ ಆಸ್ಪತ್ರೆಯ ಶಿಫಾರಸು ಪತ್ರ ಒಬ್ಬರಿಗೆ ಮಾತ್ರ ಕೊಡೋಕಾಗೋದು. ಬಿನ್ಸಿ ಇದ್ದಾಳೆ, ಅಡಿಲೇಡ್ ಕಡೆಯವನೊಬ್ಬ ಇದ್ದಾನೆ. ನಂಗೇನೋ ಬಿನ್ಸಿನೇ ಇಷ್ಟ. ಆದ್ರೆ ಆರು ವರ್ಷದಲ್ಲಿ ನಾಲ್ಕು ಜನ ಹೀಗೇ ಬಂದ್ರು, ಕಾಗದ ಕೈಗೆ ಬಂದ ತಕ್ಷಣ ಸಿಟಿಗೆ ಹಾರಿಹೋದ್ರು. ಅವಳ ಗಂಡ ಪ್ರತಿ ಶುಕ್ರವಾರ ಮೆಲ್ಬರ್ನಿಗೆ ಹೋಗ್ತಾನಂತಲ್ಲ? ಅವ್ರು ಇಲ್ಲಿ ಉಳೀತಾರಾ? ನಿನ್ನಷ್ಟು ಚೆನ್ನಾಗಿ ಅವರನ್ನ ಬಲ್ಲೋರು ಯಾರಿದ್ದಾರೆ.”

ನನಗೆ ಗೊತ್ತು. ಜಿಸ್ ಹೋಗುವುದು ಹಳೆಯ ಗೋದಾಮಿನ ಕೆಲಸಕ್ಕೆ, ವಾರಕ್ಕೆ ಎರಡು ದಿನ. ಸುಗ್ಗಿ ಶುರುವಾದ ಮೇಲೆ ಇಲ್ಲಿನ ಸೈಲೊದಲ್ಲಿ, ಸಜು ಜೊತೆ, ಅವನಿಗೆ ಕೆಲಸ ಖಾತ್ರಿ. ಆಮೇಲೆ ಹೋಗುವುದಿಲ್ಲ. ಮೊನ್ನೆ ಅವರಿಬ್ಬರೂ ಬೇಕರಿ ಹಿಂದಿನ ಮನೆ ನೋಡಿ ಬಂದರು. ಕೋಳಿಗೂಡು ಎಲ್ಲಿಡುವುದು ಅಂತ ಜಗಳವಾಡುತ್ತಿದ್ದರು.

ಇದೆಲ್ಲ ನಾಲಿಗೆ ತುದಿಯಲ್ಲಿತ್ತು. ಟ್ರಿಶ್ ಮೇಜಿನ ಮೇಲೆ ಒಂದು ಡಬ್ಬಿಯೂ ಇತ್ತು. ಬಿನ್ಸಿಯ ಡಬ್ಬಿ. ಮುಚ್ಚಳದ ಮೇಲೆ ವಡೆಯ ಪುಡಿ.

“ಖಂಡಿತ ಅಂತ ನಾನು ಹೇಗೆ ಹೇಳ್ಲಿ ಟ್ರಿಶ್… ಅವನ ಮನಸ್ಸಿನ್ನೂ ಅಲ್ಲೇ ಇದೆ.”

ಟ್ರಿಶ್ ತಲೆಯಾಡಿಸಿದರು. ಏನೋ ಬರೆದುಕೊಂಡರು.

ನವೆಂಬರ್ 6, ಗುರುವಾರ

ಸುಳ್ಳೇನಲ್ಲ. ಒಬ್ಬರ ಮನಸ್ಸು ಎಲ್ಲಿದೆ ಅಂತ ಯಾರಿಗೆ ಗೊತ್ತು?

ಸುಳ್ಳೇ.

ನವೆಂಬರ್ 24, ಸೋಮವಾರ

ಬರೆಯಬೇಕು ಅನ್ನಿಸಲಿಲ್ಲ ಇಷ್ಟು ದಿನ.

ಬಿನ್ಸಿ ಬಂದಿದ್ದಳು. ಪತ್ರ ಅಡಿಲೇಡಿನವನ ಕಡೆಗೆ ವಾಲಿದೆ ಅಂತ ಯಾರೋ ಹೇಳಿದ್ದಾರೆ. ಡಿಸೆಂಬರ್ ಐದು ಶುಕ್ರವಾರ ಸಂಜೆ ಐದಕ್ಕೆ ಹೆಸರು ಹೋಗಬೇಕು. ಸಿಗದಿದ್ದರೆ ಜನವರಿಗೆ ವೀಸಾ ಮುಗಿಯುತ್ತದೆ. ಗಂಟುಮೂಟೆ ಕಟ್ಟಿಕೊಂಡು ಕೋಟ್ಟಯಂ.

ನನ್ನ ಅಡುಗೆಮನೆಯಲ್ಲಿ ಕೂತು ನನ್ನ ಈರುಳ್ಳಿ ಸುಲಿಯುತ್ತ ಅತ್ತಳು. “ಈರುಳ್ಳಿಗೆ” ಅಂದಳು. ಸಣ್ಣೀರುಳ್ಳಿ ಅದು, ಅಷ್ಟು ಉರಿಯುವುದಿಲ್ಲ.

“ಊರಿಗೆ ವಾಪಸ್ ಹೋಗೋದು ತಪ್ಪೇನಲ್ಲ ಚೇಚಿ. ಆದ್ರೆ ನಂಗೆ ಈ ಊರೇ ಬೇಕು. ನೀವೊಂದು ಮಾತು ಟ್ರಿಶ್ ಹತ್ರ ಹೇಳ್ತೀರಾ? ನಿಮ್ಮ ಮಾತು ಅಂದ್ರೆ ಅವ್ರಿಗೆ ವೇದವಾಕ್ಯ.”

ಹೇಳ್ತೀನಿ ಅಂದೆ.

ಹೋಗುವಾಗ ಸುಲಿದ ಈರುಳ್ಳಿ ಸಿಪ್ಪೆಯನ್ನೂ ಬಳಿದು ಬುಟ್ಟಿಗೆ ಹಾಕಿ ಹೋದಳು. ಅವಳು ಕೆಟ್ಟವಳಾಗಿದ್ದರೆ ಎಷ್ಟು ಹಗುರಾಗಿರುತ್ತಿತ್ತು ನನಗೆ!

ಡಿಸೆಂಬರ್ 2, ಮಂಗಳವಾರ. ಮಧ್ಯಾಹ್ನ

ನಾನು ವೃದ್ಧರ ವಿಭಾಗದ ಇನ್‌ಚಾರ್ಜ್. ಹೊಸ ವರ್ಷದಿಂದ. ಟ್ರಿಶ್ ಎದ್ದು ನಿಂತು ಕೈ ಕುಲುಕಿದರು.

“ನಿಜ ಹೇಳ್ಬೇಕಂದ್ರೆ ಅಕ್ಟೋಬರಲ್ಲಿ ನಂಗೆ ಅನುಮಾನ ಇತ್ತು. ಸಜು ಮೆಲ್ಬರ್ನಲ್ಲಿ ಯಾವುದೋ ಇಂಟರ್‌ವ್ಯೂಗೆ ಹೋಗಿದ್ನಂತೆ, ಪಬ್ಬಲ್ಲಿ ಮಾತು ಬಂತು. ಎಲ್ಲಾ ಬಿಟ್ಟು ನೀನೂ ಹೊರಟರೆ? ಅದಕ್ಕೆ ಬಿನ್ಸಿನ ಕೇಳ್ದೆ.”

ಸಜು ಹೋಗಿದ್ದು ನಿಜ, ಇಲ್ಲಿ ನಾನು ಬರೆದಿರಲಿಲ್ಲ ಅಷ್ಟೇ. ಕರೆದುಕೊಂಡು ಹೋದದ್ದು ಜಿಸ್. ಬಿನ್ಸಿಗೆ ಎಲ್ಲ ಗೊತ್ತಿತ್ತು.

“ಏನಂದ್ಲು?”

ಟ್ರಿಶ್ ನಕ್ಕರು. “‘ಲಿಜಿ ಚೇಚಿ ಈ ಊರು ಬಿಡೋದಾ? ಊರೇ ಬೇಕಾದ್ರೆ ಚೇಚಿನ ಬಿಟ್ಟು ಹೋಗ್ಬೇಕು’ ಅಂದ್ಲು. ಅಷ್ಟು ಸಾಕಾಯ್ತು ನಂಗೆ.”

ಯಾವತ್ತು ಕೇಳಿದ್ದು ಅಂದೆ. ಪ್ರದರ್ಶನದ ದಿನವಂತೆ. ಕಾರಿನ ಡಿಕ್ಕಿ ಹತ್ತಿರ, ಕೇಕು ತಿನ್ನುತ್ತ.

ಒಂದೇ ಪ್ರಶ್ನೆ. ನನ್ನ ಬಗ್ಗೆ ಅವಳಿಗೆ, ಅವಳ ಬಗ್ಗೆ ನನಗೆ.

ಸ್ಟೋರ್ ರೂಮಿಗೆ ಹೋಗಿ ಬೆಡ್‌ಶೀಟುಗಳ ನಡುವೆ ನಿಂತೆ. ಮತ್ತೆ ಆಚೆ ಬಂದು ಬಿಪಿ ನೋಡಿದೆ, ಮಾತ್ರೆ ಕೊಟ್ಟೆ.

ಡಿಸೆಂಬರ್ 5, ಶುಕ್ರವಾರ. ಸಂಜೆ 6.10

ಹೇಳಿದೆ.

ಮೂರು ದಿನ ತೆಗೆದುಕೊಂಡೆ. ಇವತ್ತು ನಾಲ್ಕು ಗಂಟೆಗೆ ಟ್ರಿಶ್ ಬಾಗಿಲು ತಟ್ಟಿದೆ. ಕೂತುಕೊಳ್ಳಲಿಲ್ಲ. ಗೋದಾಮು, ಸೈಲೊ, ಬೇಕರಿ ಹಿಂದಿನ ಮನೆ, ಕೋಳಿಗೂಡು, ಎಲ್ಲ ಒಂದೇ ಉಸಿರಿಗೆ.

“ಮತ್ತೆ ಆವತ್ತು ಯಾಕೆ ಹಾಗಂದೆ?”

ಮನೆಯಲ್ಲಿ ಕನ್ನಡಿ ಮುಂದೆ ಐದಾರು ಉತ್ತರ ಸಿದ್ಧ ಮಾಡಿಕೊಂಡಿದ್ದೆ. ಒಂದೂ ಬರಲಿಲ್ಲ.

“ಹೊಟ್ಟೆಕಿಚ್ಚು, ಟ್ರಿಶ್.”

ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಇನ್ನೊಂದು ಗಂಟೆ ತಡ ಮಾಡಿದ್ರೆ ಏನಾಗ್ತಿತ್ತು ಗೊತ್ತಾ?”

ಗೊತ್ತು ಅಂದೆ.

ನನ್ನೆದುರೇ ಫೈಲು ಬದಲಾಯಿಸಿದರು. ಬಿನ್ಸಿ ಹೆಸರು ಹೋಯಿತು. ನಾಲ್ಕು ನಲವತ್ತು.

“ನಿನ್ನ ಇನ್‌ಚಾರ್ಜ್ ವಿಷಯ ಮುಂದಿನ ವಾರ ಮಾತಾಡೋಣ. ಬಾಗಿಲು ಹಾಕ್ಕೊಂಡು ಹೋಗು.” ಬೈದಿದ್ದರೆ ಚೆನ್ನಾಗಿತ್ತು.

ಡಿಸೆಂಬರ್ 7, ಭಾನುವಾರ

ಸಜುಗೆ ಎಲ್ಲ ಹೇಳಿದೆ. “ಅವಳಿಗೆ ಪತ್ರ ಸಿಕ್ತಲ್ಲ, ಇನ್ನೇನು? ಬಾಯಿ ಮುಚ್ಕೊಂಡಿರು” ಅಂದ. ಆಮೇಲೆ ಮೆಲ್ಲಗೆ, “ನೀನು ಹೀಗೆ ಮಾಡ್ತೀಯ ಅಂತ ಅಂದ್ಕೊಂಡಿರ್ಲಿಲ್ಲ ಕಣೇ” ಅಂದ.

ನಾನೂ ಅಂದುಕೊಂಡಿರಲಿಲ್ಲ, ಸಜು.

ಹೋದೆ. ಬಿನ್ಸಿ ಸಂಭ್ರಮದಲ್ಲಿ ಬಾಳೆಕಾಯಿ ಕರಿಯುತ್ತಿದ್ದಳು, ನಮ್ಮ ಮನೆಗೇ ತರಲು. “ಚೇಚಿ! ನೀವು ಹೇಳಿದ್ದಕ್ಕೇ ಆಯ್ತು!” ಎಣ್ಣೆ ಕೈಯಲ್ಲೇ ನನ್ನ ಗಲ್ಲ ಹಿಡಿದಳು.

ಹೇಳಿದೆ. ಮೊದಲಿಂದ. ಬೆರಿಲ್ ಕೈ ಬೀಸಿದ್ದು, ವಡೆ, ಟ್ರಿಶ್ ರೂಮು. ಒಲೆ ಆರಿಸಿದಳು. ಕೇಕಿನ ನಿಯಮದ ವಿಷಯಕ್ಕೆ ಬಂದಾಗ ಕೈ ಎತ್ತಿ ತಡೆದಳು.

“ಅದು ಗೊತ್ತಿತ್ತು. ಆವತ್ತು ಬೆಳಿಗ್ಗೆ ಕೇಕ್ ಕೊಡೋವಾಗ್ಲೇ ಅಲ್ಲೊಬ್ಬರು ಪುಸ್ತಕ ತೋರಿಸಿ, ‘ಗೋಡಂಬಿ ತೆಗೆದುಬಿಡು, ಇನ್ನೂ ಟೈಮಿದೆ’ ಅಂದ್ರು. ಇರ್ಲಿ ಬಿಡಿ ಅಂದೆ. ಚೇಚಿಗೆ ಆ ರಿಬ್ಬನ್ ಅಷ್ಟು ಬೇಕಾಗಿದ್ರೆ ತಗೊಳ್ಳಲಿ ಅಂತ.”

ಗಲ್ಲಕ್ಕೆ ಹತ್ತಿದ್ದ ಎಣ್ಣೆ ಒರೆಸಿಕೊಂಡೆ.

“ಕೇಕು ಕೇಕು. ಆದ್ರೆ ಇದು ನನ್ನ ಬದುಕು ಚೇಚಿ.” ದನಿ ಏರಿಸಲಿಲ್ಲ. “ನಾನು ನಿಮ್ಮನೇಲಿ ಕೂತು ಅಳೋವಾಗ ನಿಮಗೆ ಏನನ್ನಿಸ್ತು?”

ಏನೆನ್ನಿಸಿತ್ತು… ಈರುಳ್ಳಿ ಇಷ್ಟು ಉರಿಯಲ್ಲ ಅನ್ನಿಸಿತ್ತು. ಹೇಳಲಿಲ್ಲ.

“ಈಗ ಹೋಗಿ.”

ಡಿಸೆಂಬರ್ 13, ಶನಿವಾರ

ಇನ್‌ಚಾರ್ಜ್ ಹುದ್ದೆ ಮಾರ್ಚ್‌ವರೆಗೆ ತಡೆಹಿಡಿದಿದ್ದಾರೆ. ಸರಿ.

ಟ್ರಿಶ್ ಯಾರಿಗೂ ಹೇಳಿಲ್ಲ, ಬಿನ್ಸಿಯೂ ಹೇಳಿಲ್ಲ. ಬೆರಳುಗಳು ಮೊದಲಿನಂತೆಯೇ ಏಳುತ್ತವೆ. ಇವತ್ತು ಹನ್ನೆರಡಕ್ಕೆ ಹನ್ನೆರಡು. ಏನೂ ಅನ್ನಿಸಲಿಲ್ಲ.

ವಾರ್ಡಿನಲ್ಲಿ ಬಿನ್ಸಿ ಬೇಕಾದ್ದಷ್ಟೇ ಮಾತಾಡುತ್ತಾಳೆ. “ಸಿಸ್ಟರ್, ಏಳನೇ ರೂಮಿಗೆ ಇನ್ಸುಲಿನ್ ಆಯ್ತು.” ಸಿಸ್ಟರ್. ಇಪ್ಪತ್ತು ವರ್ಷದಲ್ಲಿ ಮೊದಲ ಸಲ.

ಡಿಸೆಂಬರ್ 18, ಗುರುವಾರ. ಮಧ್ಯಾಹ್ನ 3.50

ಕಾರಿನಲ್ಲಿ ಕೂತು ಬರೆಯುತ್ತಿದ್ದೇನೆ. ಸೈಲೊ ದಾಟಿ ಅರ್ಧ ಮೈಲಿ. ಎರಡೂ ಕಡೆ ಕೊಯ್ದ ಗೋಧಿ ಹೊಲ, ಧೂಳು.

ಎದುರಿಗೆ ಅವಳ ಬಿಳಿ ಕಾರು ಬಂತು. ಮಧ್ಯಾಹ್ನದ ಶಿಫ್ಟಿಗೆ ತಡವಾಗಿ ಹೊರಟಿದ್ದಾಳೆ. ದೂರದಿಂದಲೇ ಬೆರಳೆತ್ತಿದೆ. ಎತ್ತಿಕೊಂಡೇ ಇದ್ದೆ. ಅವಳ ಎರಡೂ ಕೈ ಸ್ಟೀರಿಂಗ್ ಮೇಲಿದ್ದವು. ಏಳಲಿಲ್ಲ. ನೋಡಿದಳು, ದಾಟಿ ಹೋದಳು.

ಕಣ್ಣು ಮಂಜಾಗಿ ರಸ್ತೆ ಕಾಣಲಿಲ್ಲ. ಪಕ್ಕಕ್ಕೆ ಹಾಕಿದೆ. ಬ್ಯಾಗಿನಿಂದ ಇದನ್ನು ತೆಗೆದೆ. ಬರೆದರೆ ಉಸಿರು ಸರಿಹೋಗುತ್ತದೆ.

ಈ ಊರಿನವರೆಲ್ಲ ಕೈ ಬೀಸಿದರೂ ಆ ಒಂದು ಬೆರಳಿಗೆ ಸಾಟಿಯಲ್ಲ ಅಂತ ಇವತ್ತು ಗೊತ್ತಾ—

ಕನ್ನಡಿಯಲ್ಲಿ ಬಿಳಿ ಗಾಡಿ. ತಿರುಗಿಸಿಕೊಂಡು ಬರುತ್ತಿದ್ದಾಳೆ.

ನಿಂತ ಗಾಡಿಯನ್ನು ದಾಟಿ ಹೋಗಬಾರದು ಅಂತ ನಾನೇ ಕಲಿಸಿದ್ದು. ಅದಕ್ಕೇ ಇರಬೇಕು. ಬೇರೆ ಯಾರ ಗಾಡಿ ನಿಂತಿದ್ದರೂ ಬರುತ್ತಿದ್ದಳು. ನನಗೆ ಅಂತಲ್ಲ.

ಹಿಂದೆ ನಿಲ್ಲಿಸಿದಳು. ಇಳಿದಳು. ಶಿಫ್ಟಿಗೆ ತಡವಾಗುತ್ತದೆ ಅವಳಿಗೆ. ಟಯರ್ ಅನ್ನುವುದಿಲ್ಲ ಈ ಸಲ. ಬೈಯಲಿ. ಎಷ್ಟು ಬೇಕೋ ಅಷ್ಟು ಬೈಯಲಿ. ಚೇಚಿ ಅಂತ ಕರೆದು ಬೈದರೆ ಸಾಕು ನನಗೆ.

ಗಾಜು ತಟ್ಟುತ್ತಿದ್ದಾಳೆ. ಕಿಟಕಿ ಇಳಿಸಿ—